ಹದಿಮೂರು ಬೆರಳ ನೀರು

ನಮ್ಮೂರ ಬಾವಿಯಲ್ಲಿ ನೀರು ಸೇದಬೇಕಾದರೆ ಯಾರ ಕೊಡವೋ ಅವರ ಹೆಸರು ಹೇಳಿ ಇಳಿಸಬೇಕು. ಹಾಗೆ ಇಳಿಸಿದರೆ ಅವರು ಆ ದಿನ ಎಷ್ಟು ಕುಡಿಯುತ್ತಾರೋ ಅಷ್ಟು ನೀರು ಮೇಲೆ ಬರುತ್ತದೆ. ಹೆಸರು ಹೇಳದೆ ಇಳಿಸಿದ ಕೊಡ ಒಣಗಿದ್ದು ಒಣಗಿದ ಹಾಗೇ ವಾಪಸು ಬರುತ್ತದೆ. ಅಡುಗೆಗೆ, ದನಕ್ಕೆ, ಬಟ್ಟೆಗೆ ಕೆರೆ ಇದೆ. ಬಾವಿ ಕುಡಿಯುವುದಕ್ಕೆ ಮಾತ್ರ. ಆದ್ದರಿಂದಲೇ ನಮ್ಮಲ್ಲಿ ನೆಂಟರು ಬಂದರೆ ಚಪ್ಪಲಿ ಬಿಡುವ ಮೊದಲೇ ಹೆಸರು ಕೇಳುತ್ತೇವೆ. ಹೊರಗಿನವರು ಅದನ್ನು ಒರಟುತನ ಅಂದುಕೊಳ್ಳುತ್ತಾರೆ. ಮದುವೆಯಾಗಿ ಬಂದ ಸೊಸೆಯನ್ನು ಮೊದಲು ಬಾವಿಕಟ್ಟೆಗೆ ಕರೆತಂದು, ಆಮೇಲೆ ಹೊಸಿಲು ದಾಟಿಸುತ್ತಾರೆ. ಹುಟ್ಟಿದ ಮನೆಯಲ್ಲಿ ಇಟ್ಟ ಅವಳ ಹೆಸರು ಬದಲಾಯಿಸುವ ಗೋಜಿಗೆ ನಾವು ಹೋಗುವುದಿಲ್ಲ, ಹೊಸ ಹೆಸರು ಬಾವಿಗೆ ರೂಢಿಯಾಗಲು ನಾಲ್ಕು ದಿನ ಬೇಕು, ಅಲ್ಲಿಯವರೆಗೆ ಹುಡುಗಿ ಬಾಯಾರಿಕೊಂಡಿರಬೇಕಾಗುತ್ತದೆ.

ಸೇದುವವರು ನಾವು ಮೂವರು. ನನ್ನ ಪಾಲಿಗೆ ಮೂಡಲ ಕೇರಿಯ ಇಪ್ಪತ್ತು ಮನೆ. ನಮ್ಮತ್ತೆ ಸೇದುತ್ತಿದ್ದಳು, ಅವಳ ಸೊಂಟ ಹಿಡಿದ ಮೇಲೆ ಹಗ್ಗ ನನ್ನ ಕೈಗೆ ಬಂತು. ಇಪ್ಪತ್ತೇಳು ವರ್ಷವಾಯಿತು. ಯಾರ ಕೊಡ ಎಷ್ಟು ಅನ್ನುವುದನ್ನು ನಾನು ಇಣುಕಿ ನೋಡಬೇಕಿಲ್ಲ, ಅಂಗೈ ಹೇಳುತ್ತದೆ. ನಾವು ಬೆರಳಲ್ಲಿ ಅಳೆಯುತ್ತೇವೆ. ದುಡಿಯುವ ಗಂಡಸಿಗೆ ಎಂಟು ಬೆರಳು, ಹೆಂಗಸಿಗೆ ಏಳು, ಬೇಸಿಗೆಯಲ್ಲಿ ಒಂದೊಂದು ಜಾಸ್ತಿ. ಮುದುಕರದ್ದು ಇಳಿಯುತ್ತಾ ಹೋಗುತ್ತದೆ. ಹೆಂಗಸಿನ ಕೊಡ ಬೇಸಿಗೆಯಲ್ಲದ ಕಾಲದಲ್ಲಿ ಒಂದೂವರೆ ಬೆರಳು ಏರಿದರೆ ಅವಳಿಗೆ ನೀರು ನಿಂತಿದೆ, ಬಸುರಾಗಿದ್ದಾಳೆ ಎಂದೇ ಅರ್ಥ. ಎಷ್ಟೋ ಸಲ ಹುಡುಗಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ನಾನು ಆ ಹುಡುಗಿಯ ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ನನ್ನ ಬಾಯಿಗೆ ಬೆಲ್ಲ ಹಾಕುತ್ತಿದ್ದಳು. ಇದು ನಮ್ಮತ್ತೆಯ ಕಾಲದಿಂದಲೂ ನಡೆದು ಬಂದ ಪದ್ಧತಿ. ಅದರಲ್ಲಿ ತಪ್ಪಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಐದು ವರ್ಷದ ಹಿಂದೆ ಅವರೆ ಬಿಡಿಸುವ ಕಾಲದಲ್ಲಿ ಊರಿಗೆ ಒಂದು ಜ್ವರ ಬಂತು. ಮೈ ಸುಟ್ಟು, ಎದೆ ಕಟ್ಟಿ, ಒಬ್ಬರಿಂದ ಒಬ್ಬರಿಗೆ ಮನೆಯಿಂದ ಮನೆಗೆ ಹಬ್ಬಿತು. ನನ್ನ ಕೇರಿಯಲ್ಲಿ ಹತ್ತೊಂಬತ್ತು ಜನಕ್ಕೆ ಬಂತು, ಇಬ್ಬರು ಹೋದರು. ಉಳಿದವರು ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡಿದರು. ಎದ್ದ ಮೇಲೆ ಆ ಜ್ವರದ ಮಾತು ಯಾರೂ ಎತ್ತಲಿಲ್ಲ. ಹೋದದ್ದು ಹೋಯಿತು, ಇನ್ನೇನು?

ಕೇರಿಯ ಕೊನೆಯ ಮನೆ ನಂಜವ್ವನದು. ಮೊದಲು ಜ್ವರ ಬಂದದ್ದು ಅವಳಿಗೇ. ಮಗ ಮುದ್ದಯ್ಯ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ. ಒಳಗೆ ಹೋಗಿ ಗಂಜಿ ಕುಡಿಸಿದವಳು, ಮೈ ಒರೆಸಿದವಳು, ಕಫದ ಬೋಗುಣಿ ಚೆಲ್ಲಿದವಳು ಸೊಸೆ ಹೊನ್ನಾಜಿ. ಅತ್ತೆ ಎದ್ದು ಕೂತ ದಿನವೇ ಸೊಸೆ ಮಲಗಿದಳು. ಹೊನ್ನಾಜಿಗೆ ಆಗ ಮೂವತ್ತಾರು. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ನಂಜವ್ವ ಕೆಟ್ಟವಳಲ್ಲ, ಆದರೆ ಅವಳ ನಾಲಿಗೆಗೆ ಕಡಿವಾಣ ಇರಲಿಲ್ಲ. ಜ್ವರ ಕಳೆದ ಎರಡನೆಯ ವರ್ಷ ತನ್ನ ಅಣ್ಣನ ಕೊನೆಯ ಮಗಳನ್ನು ಮುದ್ದಯ್ಯನಿಗೆ ತರುವ ಮಾತು ತೆಗೆದಳು. ಹೊನ್ನಾಜಿ ಇರುತ್ತಾಳೆ, ಯಾರು ಬೇಡ ಅಂದರು, ಅವಳೂ ಇರಲಿ, ಮನೆಗೊಂದು ಕೂಸು ಬೇಡವೇ ಎಂದು ಬಾವಿಕಟ್ಟೆಯ ಮೇಲೆ ಎಲ್ಲರೆದುರಿಗೇ ಹೇಳಿದಳು. ಹೊನ್ನಾಜಿ ತನ್ನ ಕೊಡ ಎತ್ತಿಕೊಂಡು ಹೋದಳು. ಮುದ್ದಯ್ಯ ಅಂಥ ಮಾತು ಬಂದಾಗಲೆಲ್ಲ ಹೊಲದಲ್ಲಿ ಕೆಲಸ ಇದೆ ಎನ್ನುವ ಗಂಡಸು.

ಹೀಗಿರುವಾಗ ಯುಗಾದಿ ಕಳೆದು, ಎರಡು ಮಳೆ ಬಿದ್ದು, ತಣ್ಣಗಿನ ಒಂದು ಬೆಳಿಗ್ಗೆ ಹೊನ್ನಾಜಿಯ ಹೆಸರು ಹೇಳಿ ಕೊಡ ಇಳಿಸಿದೆ. ಎಳೆಯುವಾಗ ಅಂಗೈಗೆ ಏನೋ ಬೇರೆ ಅನ್ನಿಸಿತು. ಎಂಟೂವರೆ ಬೆರಳು. ಮರುದಿನವೂ ಅಷ್ಟೇ. ವಾರ ಕಾದೆ, ಒಂಬತ್ತಾಯಿತು. ನನಗೆ ಖುಷಿ ತಡೆಯಲಾಗಲಿಲ್ಲ. ಕೊಡ ಅಲ್ಲೇ ಇಟ್ಟು, ಒದ್ದೆ ಸೀರೆಯಲ್ಲೇ ನಂಜವ್ವನ ಮನೆಗೆ ಹೋಗಿ ಅವಳ ಕಿವಿಯಲ್ಲಿ ಹೇಳಿದೆ. ನಂಜವ್ವ ಕೂತಲ್ಲೇ ಅತ್ತುಬಿಟ್ಟಳು. ಹೊನ್ನಾಜಿಯನ್ನು ಕೇಳಿದರೆ, ಹೌದು, ಎರಡು ತಿಂಗಳಿಂದ ಮುಟ್ಟು ನಿಂತಿದೆ, ವಯಸ್ಸಾಗುತ್ತಾ ಬಂತಲ್ಲ ಅದಕ್ಕಿರಬೇಕು ಅಂದುಕೊಂಡಿದ್ದೆ ಅಂದಳು. ಅಣ್ಣನ ಮಗಳ ಮಾತು ಅಂದಿಗೆ ನಿಂತಿತು.

ಆಮೇಲೆ ಶುರುವಾಯಿತು ಉಪಚಾರ. ಹದಿನಾರು ವರ್ಷದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸುವವಳಂತೆ ನಂಜವ್ವ ಸೊಸೆಗೆ ತಿನ್ನಿಸಿದಳು. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಹುರಿಹಿಟ್ಟು, ಮಧ್ಯಾಹ್ನ ಕಾಯಿಹಾಲಲ್ಲಿ ಅದ್ದಿದ ಒಬ್ಬಟ್ಟು, ಸಂಜೆಗೆ ಎಳ್ಳುಂಡೆ. ಕೇರಿಯ ಹೆಂಗಸರೂ ಒಬ್ಬೊಬ್ಬರಾಗಿ ಸೆರಗಲ್ಲಿ ಏನಾದರೂ ಸಿಹಿ ಕಟ್ಟಿಕೊಂಡು ಬಂದರು. ಹೊನ್ನಾಜಿಯ ಕೊಡ ಹತ್ತು ಬೆರಳಾಯಿತು, ಹನ್ನೊಂದಾಯಿತು. ಬಸುರಿಗೆ ಒಂದೂವರೆ ಏರುವುದನ್ನು ಕಂಡಿದ್ದೆ, ಹೆಚ್ಚೆಂದರೆ ಎರಡು. ನಾಲ್ಕು ಏರಿದ್ದನ್ನು ನಾನೂ ಕಂಡಿರಲಿಲ್ಲ, ನಮ್ಮತ್ತೆಯೂ ಹೇಳಿರಲಿಲ್ಲ. ಆಗಲಾದರೂ ನಾನು ಯೋಚನೆ ಮಾಡಬೇಕಾಗಿತ್ತು. ಹಗ್ಗ ಹಿಡಿದ ಹೆಂಗಸರು ಮೂವರೂ ಸೇರಿ ಮಾತಾಡಿಕೊಂಡೆವು: ಇದು ಅವಳಿ. ಊರಿಗೂ ಹಾಗೇ ಹೇಳಿದೆವು. ನಂಜವ್ವ ಅಂದಿನಿಂದ ಒಬ್ಬಟ್ಟನ್ನು ಎರಡೆರಡು ಹಾಕತೊಡಗಿದಳು.

ಐದನೇ ತಿಂಗಳಿಗೆ ಬಯಕೆ ಊಟ ಅಂತ ದಿನ ಗೊತ್ತಾಯಿತು. ಅಷ್ಟರಲ್ಲಿ ಹೊನ್ನಾಜಿಯ ತೋಳಿನ ಬಳೆ ಮೊಣಕೈಗೆ ಜಾರುತ್ತಿತ್ತು, ರವಿಕೆ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಅವಳಿ ಎಳೆದುಕೊಳ್ಳುತ್ತಿವೆ ಎಂದರು. ಗಳಿಗೆಗೊಮ್ಮೆ ಹಿತ್ತಿಲಿಗೆ ಹೋಗುತ್ತಾಳೆ ಎಂದರೆ ಅದಕ್ಕೂ ಅವಳಿಯೇ ಕಾರಣ. ನಡೆಯುತ್ತಾ ನಡೆಯುತ್ತಾ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮೊದಲ ಬಸುರು, ವಯಸ್ಸು ಬೇರೆ, ಆಗದೇ ಇರುತ್ತದೆಯೇ ಎಂದರು. ಎಲ್ಲದಕ್ಕೂ ನಮ್ಮ ಹತ್ತಿರ ಉತ್ತರ ಇತ್ತು.

ಆ ವಾರವೇ ಕುಲುಮೆಯ ವೀರಾಚಾರಿಯ ಕೊಡ ಭಾರವಾಯಿತು. ವೀರಾಚಾರಿಗೆ ಐವತ್ತು ದಾಟಿತ್ತು. ಬೆಂಕಿಯ ಮುಂದೆ ಕೂರುವ ಮನುಷ್ಯ, ಮೊದಲಿಂದಲೂ ಒಂಬತ್ತು ಬೆರಳಿನವನು. ಅವತ್ತು ಹನ್ನೆರಡು ಬಂತು. ನಾನು ತಪ್ಪು ಹೆಸರು ಹೇಳಿದೆನೇನೋ ಎಂದು ಕೊಡ ಸುರಿದು ಮತ್ತೆ ಇಳಿಸಿದೆ. ಮತ್ತೆ ಹನ್ನೆರಡು. ಕಟ್ಟೆಯ ಮೇಲಿದ್ದ ಹೆಂಗಸರು ನಕ್ಕು ನಕ್ಕು ಸುಸ್ತಾದರು. ಆಚಾರಿಗೆ ಯಾವ ಬಯಕೆ ಮಾಡಿ ಹಾಕೋಣ, ಮಾವಿನಕಾಯಿಯೋ ಹುಣಸೆಯೋ ಎಂದು ಅವನ ಹೆಂಡತಿಯನ್ನು ಕಾಡಿದರು. ಮಾತು ಕುಲುಮೆಗೂ ಮುಟ್ಟಿತು. ವೀರಾಚಾರಿ ಎದುರಾದಾಗ ಅವನೇ ಶುರುಮಾಡಿದ.

“ದ್ಯಾವಕ್ಕ, ಹೆಣ್ಣಾಯ್ತದಾ ಗಂಡಾಯ್ತದಾ ಅದ್ನೂ ನಿನ್ನ ಹಗ್ಗ ಹೇಳ್ತದೇನು? ಗಂಡಾದ್ರೆ ತಿದಿ ಒತ್ತಾಕೆ ಒಬ್ಬ ಸಿಕ್ಕಂಗಾಯ್ತು.”

ನಾನೂ ನಕ್ಕೆ. ನಗುತ್ತಲೇ ಅವನ ಪಾದ ನೋಡಿದೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಎರಡು ತಿಂಗಳ ಹಿಂದೆ ಕಿಡಿ ಬಿದ್ದದ್ದಂತೆ, ಇನ್ನೂ ಒಣಗಿಲ್ಲವಂತೆ. ಜೀವಮಾನವೆಲ್ಲ ಕಿಡಿ ಬೀಳಿಸಿಕೊಂಡವನು, ಮೂರು ದಿನಕ್ಕೆ ಒಣಗುವ ಮೈ ಅದು.

ಮಂಗಳವಾರ ಕೆಳಗಿನೂರಿಂದ ನರ್ಸ್ ಶಮೀಮಾ ಬಂದಳು. ಪ್ರತಿ ಮಂಗಳವಾರ ಶಾಲೆಯ ಜಗಲಿಯ ಮೇಲೆ ಅವಳು ಪೆಟ್ಟಿಗೆ ತೆರೆದು ಕೂರುತ್ತಾಳೆ. ವೀರಾಚಾರಿಯನ್ನು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಅವಳು ಕಾಲಿನ ಬಟ್ಟೆ ಬಿಚ್ಚಿ ನೋಡಿದಳು, ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ತೆಗೆದು ಪಟ್ಟಿಗೆ ಮುಟ್ಟಿಸಿದಳು, ಸಣ್ಣ ಯಂತ್ರದಲ್ಲಿ ಇಟ್ಟು ಓದಿದಳು. ಸಕ್ಕರೆ ಕಾಯಿಲೆ ಎಂದಳು. ವೀರಾಚಾರಿ ಒಪ್ಪಲಿಲ್ಲ. ತನ್ನ ಅಪ್ಪನಿಗಿಲ್ಲ, ತಾತನಿಗಿಲ್ಲ, ತಾನು ಟೀಗೂ ಸಕ್ಕರೆ ಹಾಕಿಕೊಳ್ಳುವವನಲ್ಲ ಎಂದು ವಾದ ಮಾಡಿದ. ಶಮೀಮಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: ಮೂರು ವರ್ಷದ ಹಿಂದಿನ ಜ್ವರ ನಿನಗೆ ಬಂದಿತ್ತಾ?

ಬಂದಿತ್ತು. ಬಂದು ಹೋಗಿ ಯಾವ ಕಾಲವಾಯಿತು ಎಂದ ವೀರಾಚಾರಿ.

“ಹೋಗಿದ್ದು ಜ್ವರ ಅಷ್ಟೇ ಅಣ್ಣ,” ಅಂದಳು ಶಮೀಮಾ. “ಆ ಜ್ವರ ಬಂದು ಎದ್ದೋರಲ್ಲಿ ಕೆಲವರಿಗೆ ಆಮೇಲೆ ಸಕ್ಕರೆ ಬರ್ತಾ ಇದೆ. ಎಲ್ಲರಿಗೂ ಇಲ್ಲ, ಹೆಚ್ಚಿನೋರಿಗೆ ಏನೂ ಆಗಲ್ಲ. ಆದ್ರೆ ಜ್ವರ ಬರದೇ ಇದ್ದೋರಿಗಿಂತ ಬಂದೋರಿಗೆ ಭಯ ಜಾಸ್ತಿ. ಆರು ತಿಂಗಳಿಗೂ ಬರಬಹುದು, ವರ್ಷಗಟ್ಟಲೆ ಬಿಟ್ಟೂ ಬರಬಹುದು. ನೀರಡಿಕೆ, ಸುಸ್ತು, ಮೈ ಇಳಿಯೋದು, ಗಾಯ ಮಾಯದೆ ಇರೋದು. ಅದಕ್ಕೇ ವರ್ಷಕ್ಕೊಂದು ಸಲ ಬಂದು ಬೆರಳು ಕೊಡಿ ಅಂತ ನಾನು ಬಡ್ಕೊಳ್ಳೋದು.”

ಅವಳು ಬಡಿದುಕೊಂಡಿದ್ದು ನಿಜ. ನಮಗೆ ಕೇಳಿಸಿರಲಿಲ್ಲ. ನಾನು ಜಗಲಿಯ ಕಂಬಕ್ಕೆ ಒರಗಿ ಕೂತೆ. ನೀರಡಿಕೆ, ಸುಸ್ತು, ಮೈ ಇಳಿಯುವುದು. ಮೊಣಕೈಗೆ ಜಾರಿದ ಬಳೆ ಕಣ್ಣ ಮುಂದೆ ಬಂತು. ಬಯಕೆ ಊಟಕ್ಕೆ ಆರು ದಿನ ಉಳಿದಿತ್ತು.

ಹೊನ್ನಾಜಿ ಕೆರೆಯ ಸೋಪಾನದ ಮೇಲೆ ಕೂತಿದ್ದಳು, ಬಟ್ಟೆಯ ಗಂಟು ಪಕ್ಕದಲ್ಲಿ ಬಿಚ್ಚದೆ ಬಿದ್ದಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತು ವೀರಾಚಾರಿಯ ಸುದ್ದಿ ಹೇಳಿದೆ, ಶಮೀಮಾ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. ಅವಳು ನೀರು ನೋಡುತ್ತಾ ಕೇಳಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ. ನನಗೆ ಆಶ್ಚರ್ಯವಾದದ್ದು ಅದೇ.

“ನಂಗೊತ್ತಕ್ಕ,” ಅಂದಳು. “ಸಕ್ಕರೆಯೋ ಏನೋ ಅದು ಗೊತ್ತಿಲ್ಲ. ಕೂಸಲ್ಲ ಅಂತ ಗೊತ್ತು. ಹದಿನೆಂಟು ದಿನದ ಹಿಂದೆ ಮುಟ್ಟಾದೆ. ಬಟ್ಟೇನ ತಿಪ್ಪೇಲಿ ಹೂತೆ.”

“ಯಾಕವ್ವ ಹೇಳ್ಳಿಲ್ಲ?”

“ಯಾರಿಗೆ ಹೇಳ್ಳಿ? ಊರೆಲ್ಲ ಹೌದಂತು. ಅತ್ತೆ ಕೈಯಾರೆ ತಲೆ ಬಾಚಿದ್ಲು, ಹದಿನಾರು ವರ್ಷದಲ್ಲಿ ಒಂದ್ಸಲ. ಇನ್ನೊಂದಿಷ್ಟು ದಿನ ಇರ್ಲಿ ಅನ್ನಿಸ್ತು. ಆ ಹುಡುಗಿ ಬರೋದು ಅಷ್ಟು ದಿನ ಮುಂದಕ್ಕೋಯ್ತದಲ್ಲ.” ಬಟ್ಟೆಯ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡು ಅಂದಳು, “ಒಬ್ಬಟ್ಟು ತಿಂದ ಮೇಲೆ ಕಣ್ಣು ಮಂಜಾಯ್ತದಕ್ಕ. ಆದ್ರೂ ಕೊಟ್ಟಿದ್ದೆಲ್ಲ ತಿಂತೀನಿ. ಬೇಡ ಅಂದ್ರೆ ಅನುಮಾನ ಬತ್ತದೆ ಅಂತ.”

ಅವಳಿಗೆ ಆ ನೆರಳು ಕೊಟ್ಟವಳು ನಾನೇ, ಕಿತ್ತುಕೊಳ್ಳಬೇಕಾದವಳೂ ನಾನೇ. ಇವತ್ತು ನಿನ್ನ ಕೊಡ ಹದಿಮೂರು ಬೆರಳು ಬಂತು, ಹೀಗೇ ಏರಿದರೆ ಒಂದು ದಿನ ಬರಿದೇ ಬರುತ್ತದೆ ಎಂದೆ. ನಮ್ಮಲ್ಲಿ ಹೆಸರು ಹೇಳಿ ಇಳಿಸಿದ ಕೊಡ ಬರಿದಾಗಿ ಬಂದರೆ ಅದು ಸಾವಿನ ಸೂಚನೆ ಎಂದು ಮಕ್ಕಳಿಗೂ ಗೊತ್ತು. ಅವಳು ಎದ್ದು, ಗಂಟನ್ನು ತಲೆಗಿಟ್ಟುಕೊಂಡು, ಸೀದಾ ಶಾಲೆಯ ಜಗಲಿಗೆ ನಡೆದಳು. ಶಮೀಮಾ ಪೆಟ್ಟಿಗೆ ಮುಚ್ಚಿದ್ದಳು, ಮತ್ತೆ ತೆರೆದಳು. ಯಂತ್ರ ಸಂಖ್ಯೆ ತೋರಿಸದೆ ಬರೀ ‘ಹೆಚ್ಚು’ ಎಂದು ತೋರಿಸಿತು. ಅವತ್ತೇ ಕೆಳಗಿನೂರ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇನ್ನೊಂದು ವಾರ ತಡವಾಗಿದ್ದರೆ ಎಂದು ಅಲ್ಲಿಯ ಡಾಕ್ಟರು ಅರ್ಧ ಮಾತು ಹೇಳಿ ಬಿಟ್ಟರಂತೆ.

ಹನ್ನೊಂದು ದಿನಕ್ಕೆ ಹೊನ್ನಾಜಿ ಮಾತ್ರೆ, ಸೂಜಿ ಹಿಡಿದುಕೊಂಡು ಮನೆಗೆ ಬಂದಳು. ಅಷ್ಟರಲ್ಲಿ ನಂಜವ್ವ ನನ್ನ ಮನೆಗೆ ಬಂದು ಹೋಗಿದ್ದಳು. ಊರ ಮುಂದೆ ನೀನು ನನ್ನ ಮಾನ ಕಳೆದೆ, ನೆಂಟರಿಗೆಲ್ಲ ಹೇಳಿ ಕಳಿಸಿದ್ದೆ ಎಂದಳು. ಹಗ್ಗ ಹೇಳಿದ್ದನ್ನು ನಾನು ಹೇಳಿದೆ ಎಂದೆ.

“ಹಗ್ಗ ಏನಂತು?” ಅಂದಳು ನಂಜವ್ವ. “ಹಗ್ಗ ನೀರಂತು. ಬಸುರು ಅಂದಿದ್ದು ನೀನು.”

ಅಂದಿನಿಂದ ನಾನು ಒಂದು ನೇಮ ಮಾಡಿಕೊಂಡೆ. ಕೊಡ ಏರಲಿ ಇಳಿಯಲಿ, ಯಾರ ಕೊಡವೋ ಅವರಿಗೆ ಮಾತ್ರ ಹೇಳುವುದು. ಎಷ್ಟು ಬೆರಳು ಅನ್ನುವುದನ್ನು ಹೇಳುವುದು, ಯಾಕೆ ಅನ್ನುವುದನ್ನು ಹೇಳದಿರುವುದು. ಅತ್ತೆಯಂದಿರು ಮುನಿಸಿಕೊಂಡರು, ಸೇದುವ ಉಳಿದಿಬ್ಬರೂ ನನ್ನನ್ನು ಹಳಿದರು. ಶಮೀಮಾ ಮಾತ್ರ ಒಳ್ಳೆಯದು ಅಂದಳು. ಜ್ವರ ಬಂದು ಉಳಿದಿದ್ದ ಹದಿನೇಳು ಜನರನ್ನೂ ಅವಳು ಹಿಡಿಹಿಡಿದು ನೋಡಿದಳು. ಹೊನ್ನಾಜಿ, ವೀರಾಚಾರಿ ಬಿಟ್ಟರೆ ಇನ್ನೊಬ್ಬಳಿಗೆ ಅಂಚಿನಲ್ಲಿತ್ತು. ಉಳಿದವರಿಗೆ ಏನೂ ಇರಲಿಲ್ಲ. ನಂಜವ್ವನಿಗೂ ಇರಲಿಲ್ಲ. ತನ್ನ ಹೊಟ್ಟೆಗೆ ಕಲ್ಲು ಹಾಕಿದರೂ ಅರಗುತ್ತದೆ ಎಂದು ಅವಳು ಒಂದು ತಿಂಗಳು ಹೇಳಿಕೊಂಡು ತಿರುಗಿದಳು. ಮುಂದಿನ ವರ್ಷವೂ ಬರಬೇಕು ಅಂತ ಶಮೀಮಾ ಹೇಳಿದ್ದಕ್ಕೆ, ಒಂದು ಸಲ ನೋಡಿಯಾಯಿತಲ್ಲ ಎಂದಳು.

ವೀರಾಚಾರಿಯ ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಹೊನ್ನಾಜಿ ಮಾತ್ರೆಯಲ್ಲಿ, ಪಥ್ಯದಲ್ಲಿ, ಪ್ರತಿ ಮಂಗಳವಾರ ಬೆರಳು ಚುಚ್ಚಿಸಿಕೊಳ್ಳುವುದರಲ್ಲಿ ನಿಧಾನಕ್ಕೆ ಮೈಗೂಡಿದಳು. ಆದರೆ ಮನೆಯಲ್ಲಿ ಅವಳ ಚಾಪೆ ಅಡುಗೆಮನೆಯ ಮೂಲೆಗೆ ಬಂದಿತ್ತು. ನಂಜವ್ವ ಅಣ್ಣನ ಊರಿಗೆ ಮತ್ತೆ ಹೇಳಿ ಕಳಿಸಿದ್ದಳು. ಈಗ ಅವಳ ಮಾತಿಗೆ ಇನ್ನೊಂದು ಕಾರಣವೂ ಸೇರಿತ್ತು: ಕಾಯಿಲೆಯವಳು. ಸುಗ್ಗಿ ಮುಗಿದ ಮೇಲೆ ಹೆಣ್ಣು ಕೊಡುತ್ತೇವೆಂದು ಅಲ್ಲಿಂದಲೂ ಮಾತು ಬಂತು. ಮುದ್ದಯ್ಯನನ್ನು ನಾನೇ ಒಮ್ಮೆ ತಡೆದು ಕೇಳಿದೆ. ಅವನು ಕಳೆ ಕೀಳುವುದಿದೆ ಎಂದು ಹೋದ.

ಹೀಗೆ ಒಂದೂವರೆ ವರ್ಷ ಕಳೆಯಿತು. ರಾಗಿ ಕೊಯ್ಲಿನ ಕಾಲ, ಹಲ್ಲು ಕಟಕಟಿಸುವ ಚಳಿ, ಕೇರಿಯ ಕೊಡಗಳೆಲ್ಲ ಅರ್ಧ ಬೆರಳು ಒಂದು ಬೆರಳು ಇಳಿದಿದ್ದವು. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಬೇರೆ ಯಾರೂ ಇಲ್ಲದಾಗ ನಂಜವ್ವ ಬಂದಳು. ಸೊಸೆಯ ಕೊಡ ಈಗ ಎಷ್ಟು ಬರುತ್ತಿದೆ ಎಂದು ಕೇಳಿದಳು. ಅಣ್ಣನ ಕಡೆಯವರು ನಾಳಿದ್ದು ಬರುತ್ತಾರೆ, ಅವರು ಕೇಳಿದರೆ ಹೇಳಬೇಕಲ್ಲ ಎಂದಳು.

“ಅವಳ ಕೊಡದ್ದು ಅವಳನ್ನೇ ಕೇಳು,” ಅಂದೆ. “ನಿಂದು ಬೇಕಾದ್ರೆ ಹೇಳ್ತೀನಿ.”

“ನಂದೇನೈತೆ ಹೇಳಾಕೆ?”

“ನಿಂದು ಆರು ಇತ್ತು. ಇಪ್ಪತ್ತು ದಿನದಿಂದ ಏರ್ತಾ ಐತೆ, ನೀನು ಒಬ್ಬಳೇ ಸಿಕ್ಕಿರ್ಲಿಲ್ಲ. ಇವತ್ತು ಹತ್ತು.”

ನಂಜವ್ವ ತನ್ನ ಕೊಡ ನೋಡಿದಳು. ಸೆರಗು ಎಳೆದು ಹೆಗಲ ಮೇಲೆ ಹೊದ್ದುಕೊಂಡಳು. ಕಟ್ಟೆಯ ಮೇಲೆ ಕೂತು, “ಅರವತ್ಮೂರಕ್ಕೆ ಬಸುರು ಅಂತೀಯೋ?” ಎಂದಳು. ಅವಳ ಬಾಯಲ್ಲಿ ಅದು ತಮಾಷೆಯಾಗಿಯೇ ಹೊರಟಿತ್ತು, ಆದರೆ ನಡುವೆ ಎಲ್ಲೋ ದನಿ ಒಣಗಿತು. ನಾನು ಎಷ್ಟು ಅನ್ನುವುದನ್ನು ಹೇಳಿಯಾಗಿತ್ತು. ಯಾಕೆ ಅನ್ನುವುದನ್ನು ಹೇಳಲಿಲ್ಲ. ಅವತ್ತು ಮಂಗಳವಾರ ಅಂತ ಮಾತ್ರ ನೆನಪಿಸಿದೆ.

ಶಾಲೆಯ ಜಗಲಿಗೆ ನಾನು ಹೋಗುವಷ್ಟರಲ್ಲಿ ಹೊನ್ನಾಜಿ ತನ್ನದು ಮುಗಿಸಿ ಎದ್ದಿದ್ದಳು. ನಂಜವ್ವ ಕಂಬದ ಮರೆಯಲ್ಲಿ, ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಶಮೀಮಾ ಕರೆದಳು, ಬಂದು ಕೂತಳು. ಬೆರಳು ಕೊಡಜ್ಜಿ ಎಂದರೆ ಕೈ ಹೊರಗೆ ಬರಲಿಲ್ಲ. ಜ್ವರದಲ್ಲಿ ಸಾವಿನ ಬಾಗಿಲು ತಟ್ಟಿ ಬಂದವಳು ಒಂದು ಸೂಜಿಗೆ ಹೆದರಿ ಕೂತಿದ್ದಳು. ಅವಳು ನರ್ಸನ್ನು ಬಿಟ್ಟು ಸೊಸೆಯ ಮುಖ ನೋಡಿದಳು.

“ನೋವಾಯ್ತದಾ?”

“ಆಯ್ತದೆ,” ಅಂದಳು ಹೊನ್ನಾಜಿ. “ಊಟದ ಕೈ ಕೊಡಬ್ಯಾಡ, ಎಡಗೈ ಕೊಡು. ನಡು ಮೇಲೆ ಬ್ಯಾಡ, ಬೆರಳ ಪಕ್ಕಕ್ಕೆ ಚುಚ್ಚಿದ್ರೆ ಕಮ್ಮಿ.”

ನಂಜವ್ವ ಕೈ ತೆಗೆದು ಸೊಸೆಯ ಕೈಯಲ್ಲಿಟ್ಟಳು. ಹೊನ್ನಾಜಿ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಉಂಗುರದ ಬೆರಳನ್ನು ಆರಿಸಿ, ಬಿಸಿಯಾಗಲೆಂದು ಉಜ್ಜಿ, ಶಮೀಮಾಳ ಕಡೆ ಹಿಡಿದಳು. ಯಂತ್ರ ಸಂಖ್ಯೆ ತೋರಿಸಿತು. ಬಹಳ ಹೆಚ್ಚಿರಲಿಲ್ಲ, ಇಲ್ಲ ಅನ್ನುವ ಹಾಗೂ ಇರಲಿಲ್ಲ.

ಮೂವರೂ ಒಟ್ಟಿಗೆ ವಾಪಸು ಹೊರಟೆವು. ಹೊನ್ನಾಜಿ ಮುಂದೆ, ಅವಳ ಹಿಂದೆ ನಾನು, ನನ್ನ ಹಿಂದೆ ನಂಜವ್ವ ಮಾತ್ರೆಯ ಚೀಟಿ ಹಿಡಿದುಕೊಂಡು. ಕಣದ ಹತ್ತಿರ ಬಂದಾಗ ನಂಜವ್ವ ಹಿಂದಿನಿಂದಲೇ ಕೇಳಿದಳು, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ.

“ಮುಂಚೆ. ನಾನು ಕೊಡ್ತೀನಿ.”

“ದಿನಾ ಬೇಕಂತೆ.”

“ದಿನಾ ಕೊಡ್ತೀನಿ.”

ರಾಗಿ ಮೆದೆಗಳನ್ನು ದಾಟಿದ ಮೇಲೆ ನಂಜವ್ವ ನನ್ನ ಹೆಸರು ಕರೆದಳು.

“ದ್ಯಾವಕ್ಕ, ನಾಳೆ ನಮ್ಮಣ್ಣನ ಊರ ಕಡೆಗೆ ಯಾರಾರ ಹೋಗೋರಿದ್ರೆ ಹೇಳು. ನಾಳಿದ್ದು ಬರೋದು ಬ್ಯಾಡ, ಹುಡುಗಿಗೆ ಬ್ಯಾರೆ ಕಡೆ ನೋಡ್ಕಳ್ಳಿ ಅಂತ ಹೇಳಿ ಕಳಿಸ್ಬೇಕು.”

ಹೊನ್ನಾಜಿ ತಿರುಗಿ ನೋಡಲಿಲ್ಲ. ಮುದುಕಿ ಜೊತೆಗೆ ಬಂದು ಸೇರಲಿ ಎಂದು ನಡಿಗೆಯನ್ನು ಮಾತ್ರ ನಿಧಾನ ಮಾಡಿದಳು.